ಕರುಳಿನ ಬೇನೆ ಮತ್ತು ‘ಅಪರೂಪ’ ಎಂಬ ತೀರ್ಪು



ಕುಂಚಾವರಂನ ಈ ದತ್ತಿ ಉಪನ್ಯಾಸಕ್ಕೆ ಯಾವ ವಿಷಯ ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ‘ಕರುಳು’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಎಂದರೆ ನಾಲ್ಕು ಜನ ಸೇರುತ್ತಾರೆ, ಸಂಡಾಸಿನ ಮಾತು ಕೇಳಲು ಯಾರು ಬಂದಾರು ಎಂಬ ಚಿಂತೆ ಅವರದು. ನೀವು ಬಂದಿದ್ದೀರಿ. ಆದ್ದರಿಂದ ನಾಚಿಕೆಯನ್ನು ಬಾಗಿಲಲ್ಲೇ ಬಿಟ್ಟು ಮಾತಾಡೋಣ.

2000ನೇ ಇಸವಿಯಲ್ಲಿ ‘ಇಂಡಿಯನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿ’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬಂತು. ಬರೆದವರು ಡಾ. ಸಿ. ಗಣೇಶ್ ಪೈ ಮತ್ತು ಜಿ. ಕೆ. ಖಂಡಿಗೆ. ಗಣೇಶ್ ಪೈ ಅವರು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಜಠರ–ಕರುಳು ವಿಭಾಗವನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರು. ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಭಾರತದಲ್ಲಿ ಕ್ರೋನ್ಸ್ ಕಾಯಿಲೆ ಅಪರೂಪವೇ? ನಮ್ಮ ಪಠ್ಯಪುಸ್ತಕಗಳು ಆ ಹೊತ್ತಿಗೆ ಈ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸಿದ್ದವು. ಅದು ಬಿಳಿಯರ ರೋಗ, ಶ್ರೀಮಂತ ದೇಶಗಳ ರೋಗ, ಇಲ್ಲಿ ಕರುಳಲ್ಲಿ ಹುಣ್ಣು ಕಂಡರೆ ಕ್ಷಯ ಅಂತಲೇ ತಿಳಿಯಿರಿ ಎಂದು ಓದಿಸುತ್ತಿದ್ದರು. ಕರಾವಳಿಯ ಒಂದೇ ಆಸ್ಪತ್ರೆಯ ಅನುಭವವನ್ನು ಮುಂದಿಟ್ಟುಕೊಂಡು ಇವರಿಬ್ಬರೂ ಆ ಉತ್ತರವನ್ನು ಅನುಮಾನಿಸಿದರು. ಕ್ರೋನ್ಸ್ ರೋಗಿಗಳು ನಮ್ಮಲ್ಲೂ ಇದ್ದಾರೆ, ನಂಬಿಕೊಂಡು ಬಂದಷ್ಟು ಕಡಿಮೆಯೇನೂ ಅಲ್ಲ ಎಂಬುದು ಅವರ ವಾದ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ ಶೀರ್ಷಿಕೆಯ ಪ್ರಶ್ನೆಯ ಸುತ್ತಲೇ ಇದೆ. ಒಂದು ರೋಗ ‘ಅಪರೂಪ’ ಎಂದು ತೀರ್ಪು ಕೊಡುವವರು ಎಲ್ಲಿ ಕೂತು, ಯಾರನ್ನು ನೋಡಿ ಕೊಡುತ್ತಾರೆ?

ಮೊದಲು ರೋಗದ ಪರಿಚಯ. ಇಂಗ್ಲಿಷಿನವರು ಐಬಿಡಿ ಎಂದು ಕರೆಯುವ ಈ ಕರುಳಿನ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿಗೆ ಸೀಮಿತ. ಗುದದ್ವಾರದ ಹತ್ತಿರ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನಷ್ಟೇ ತಿನ್ನುತ್ತದೆ. ರಕ್ತ, ಲೋಳೆ, ದಿನಕ್ಕೆ ಹತ್ತಾರು ಸಲ ಸಂಡಾಸಿಗೆ ಓಡುವುದು ಇದರ ಗುರುತು. ಇನ್ನೊಂದು ಕ್ರೋನ್ಸ್. ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಣ್ಣ ಕರುಳಿನ ಕೊನೆಯ ಭಾಗ ಇದಕ್ಕೆ ಅಚ್ಚುಮೆಚ್ಚು. ಇದರ ಹುಣ್ಣುಗಳು ನಮ್ಮ ಚಿಂಚೋಳಿ ರಸ್ತೆಯ ಹಾಗೆ: ಸ್ವಲ್ಪ ದೂರ ಚೆನ್ನಾಗಿರುತ್ತದೆ, ನಡುವೆ ಕಿತ್ತುಹೋಗಿರುತ್ತದೆ, ಮತ್ತೆ ಚೆನ್ನಾಗಿರುತ್ತದೆ. ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದರಿಂದ ಮುಂದೆ ಕರುಳು ಕಿರಿದಾಗಿ ಕಟ್ಟಿಕೊಳ್ಳುತ್ತದೆ, ತೂತು ಬಿದ್ದು ಪಕ್ಕದ ಅಂಗಕ್ಕೋ ಚರ್ಮಕ್ಕೋ ದಾರಿ ಮಾಡಿಕೊಳ್ಳುತ್ತದೆ. ಎರಡೂ ಹೆಚ್ಚಾಗಿ ಹರೆಯದಲ್ಲಿ ಹಿಡಿಯುವ ರೋಗಗಳು, ಎರಡೂ ಬಂದರೆ ಬಿಡುವಂಥವಲ್ಲ. ಔಷಧಿಯಿಂದ ಮಲಗಿಸಬಹುದು, ಕಿತ್ತೆಸೆಯಲು ಇನ್ನೂ ಬಂದಿಲ್ಲ. ನಮ್ಮ ಮೈಯ ಕಾವಲು ವ್ಯವಸ್ಥೆ ಕರುಳಲ್ಲಿ ವಾಸವಿರುವ ಬ್ಯಾಕ್ಟೀರಿಯಾಗಳ ಮೇಲೆ ಸುಮ್ಮನೆ ಯುದ್ಧಕ್ಕೆ ನಿಲ್ಲುವುದು ಇದರ ಮೂಲ ಎಂಬಲ್ಲಿಗೆ ಸಂಶೋಧನೆ ಬಂದಿದೆ. 2001ರಲ್ಲಿ ನಾಡ್-2 ಎಂಬ ಜೀನಿನ ದೋಷಕ್ಕೂ ಕ್ರೋನ್ಸ್‌ಗೂ ಇರುವ ನಂಟು ಪತ್ತೆಯಾಯಿತು. ಜೀನೊಂದೇ ಸಾಲದು, ಊಟ, ನೀರು, ಬಾಲ್ಯದ ಸೋಂಕುಗಳು, ಪ್ರತಿಜೈವಿಕಗಳು ಎಲ್ಲವೂ ಸೇರಬೇಕು.

ಕ್ರೋನ್ಸ್ ಎಂಬ ಹೆಸರಿನ ಮೂಲ 1932ರ ಒಂದು ಲೇಖನ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ 14 ರೋಗಿಗಳ ಬಗ್ಗೆ ಬರೆದರು. ಹೆಸರಿನ ಅಕ್ಷರಕ್ರಮದಲ್ಲಿ ಕ್ರೋನ್ ಮೊದಲು ಬಂದರು, ರೋಗಕ್ಕೆ ಅವರ ಹೆಸರೇ ಅಂಟಿತು. ಆದರೆ ಅದಕ್ಕೂ ಮುಂಚೆ, 1913ರಲ್ಲಿ, ಕೆನಡಿ ಡಾಲ್ಜಿಯಲ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯರು ಇದನ್ನೇ ವಿವರಿಸಿ ಒಂದು ಕುತೂಹಲದ ಮಾತು ಹೇಳಿದ್ದರು. ದನಗಳಿಗೆ ಬರುವ ಜಾನ್ಸ್ ರೋಗದಲ್ಲಿ ಕರುಳು ಹೀಗೆಯೇ ದಪ್ಪಗಟ್ಟುತ್ತದಲ್ಲ ಎಂದು. ಇಲ್ಲಿ ದನ ಸಾಕಿದವರು ತಿಂಗಳುಗಟ್ಟಲೆ ಉಚ್ಚಿಕೊಂಡು, ಮೇವು ತಿಂದರೂ ಒಣಗಿ ಸಾಯುವ ಹಸುವನ್ನು ನೋಡಿರಬಹುದು. ಆ ರೋಗದ ಕ್ರಿಮಿ ಕ್ಷಯದ ಕ್ರಿಮಿಗೆ ದಾಯಾದಿ. ಅದು ಹಾಲಿನ ಮೂಲಕ ಮನುಷ್ಯರಿಗೆ ಬಂದು ಕ್ರೋನ್ಸ್ ಮಾಡುತ್ತದೆಯೇ ಎಂಬ ಜಗಳ ನೂರು ವರ್ಷ ಕಳೆದರೂ ತೀರಿಲ್ಲ. ಹೆದರಬೇಡಿ, ಹಾಲು ಕಾಸಿ ಕುಡಿಯುವ ನಮ್ಮ ರೂಢಿ ಒಳ್ಳೆಯದೇ.

ಕ್ಷಯದ ದಾಯಾದಿ ಎಂದೆ. ನಮ್ಮ ನಾಡಿನ ಅಸಲಿ ತೊಡಕು ಇರುವುದೇ ಇಲ್ಲಿ.

ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂದಿ ಇದೆ. ಕರುಳಿನ ಕ್ಷಯಕ್ಕೂ ಅದೇ ಜಾಗ ಬೇಕು, ಕ್ರೋನ್ಸ್‌ಗೂ ಅದೇ ಜಾಗ ಬೇಕು. ಎರಡರಲ್ಲೂ ಹೊಟ್ಟೆನೋವು, ಭೇದಿ, ಸಂಜೆ ಜ್ವರ, ತೂಕ ಇಳಿಯುವುದು, ರಕ್ತಹೀನತೆ. ಎರಡರಲ್ಲೂ ಕರುಳು ಕಿರಿದಾಗುತ್ತದೆ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡರಲ್ಲೂ ಗ್ರಾನುಲೋಮ ಎಂಬ ಜೀವಕೋಶಗಳ ಗಂಟು ಕಾಣುತ್ತದೆ. 1972ರಲ್ಲೇ ದೆಹಲಿಯ ಏಮ್ಸ್‌ನ ಎಚ್. ಡಿ. ಟಂಡನ್ ಮತ್ತು ಎ. ಪ್ರಕಾಶ್ ‘ಗಟ್’ ಪತ್ರಿಕೆಯಲ್ಲಿ ಇವೆರಡನ್ನೂ ಬೇರ್ಪಡಿಸುವ ಬಗೆ ಹೇಗೆಂದು ಬರೆದರು. 1999ರಲ್ಲಿ ವೆಲ್ಲೂರಿನ ಸಿಎಂಸಿಯ ಅನ್ನಾ ಪುಲಿಮೂಡ್, ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದರು.

ಅವರು ನೋಡಿದ್ದನ್ನು ನಿಮಗೂ ತೋರಿಸುತ್ತೇನೆ. ಗಾಜಿನ ಪಟ್ಟಿಯ ಮೇಲೆ ಗುಲಾಬಿ, ನೇರಳೆ ಬಣ್ಣ ಹಾಕಿದ ಒಂದು ಚೂರು, ಅಕ್ಕಿಕಾಳಿಗಿಂತ ಚಿಕ್ಕದು. ಕ್ಷಯವಾದರೆ ಗಂಟುಗಳು ದೊಡ್ಡವು, ಒಂದೇ ಚೂರಿನಲ್ಲಿ ಹಲವು, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವು ಸಲ ನಡುಭಾಗ ಸತ್ತು ಪುಡಿಯಾಗಿರುತ್ತದೆ. ಹುಣ್ಣಿನ ಅಂಚಿನಲ್ಲಿ ಈ ಜೀವಕೋಶಗಳು ಸಾಲುಗಟ್ಟಿ ನಿಂತಿರುತ್ತವೆ. ಕ್ರೋನ್ಸ್ ಆದರೆ ಗಂಟು ಸಣ್ಣದು, ಒಂಟಿ, ಹುಡುಕಿದರೂ ಎಷ್ಟೋ ಸಲ ಸಿಗುವುದೇ ಇಲ್ಲ. ಗುದದಿಂದ ಕೊಳವೆ ತೂರಿಸಿ ಒಳಗನ್ನು ನೋಡುವ ಕೊಲೊನೋಸ್ಕೋಪಿನ ಪರದೆಯಲ್ಲಿ ಕ್ಷಯದ ಹುಣ್ಣು ಕರುಳಿಗೆ ಅಡ್ಡವಾಗಿ ಬಳೆಯಂತೆ ಸುತ್ತುತ್ತದೆ, ಕ್ರೋನ್ಸ್‌ನದು ಉದ್ದಕ್ಕೆ ಗೀರಿದ ಹಾಗಿರುತ್ತದೆ. ಪುಸ್ತಕದಲ್ಲಿ ಇದು ಬಹಳ ಚಂದ. ಎದುರಿಗೆ ರೋಗಿ ಮಲಗಿದ್ದಾಗ ಅರ್ಧ ಅಡ್ಡ, ಅರ್ಧ ಉದ್ದ ಕಾಣುತ್ತದೆ, ಚೂರಿನ ವರದಿ ‘ನಿರ್ದಿಷ್ಟವಲ್ಲದ ಉರಿಯೂತ’ ಎಂದು ಬರುತ್ತದೆ. ಆಗ ವೈದ್ಯ ಏನು ಮಾಡಬೇಕು?

ನಮ್ಮ ದೇಶದಲ್ಲಿ ಬೆಳೆದುಬಂದ ರೂಢಿ ಹೀಗಿದೆ: ಮೊದಲು ಕ್ಷಯದ ಗುಳಿಗಿ ಶುರುಮಾಡು, ಎರಡು ಮೂರು ತಿಂಗಳು ನೋಡು, ಹುಣ್ಣು ಮಾಯ್ದರೆ ಕ್ಷಯ, ಮಾಯದಿದ್ದರೆ ಕ್ರೋನ್ಸ್. ಇದರಲ್ಲಿ ವಿವೇಕವಿದೆ. ಕ್ಷಯ ಇದ್ದವರಿಗೆ ಕ್ರೋನ್ಸ್ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಕ್ರಿಮಿ ಮೈತುಂಬ ಹರಡಬಹುದು. ಇನ್‌ಫ್ಲಿಕ್ಸಿಮ್ಯಾಬ್ ಎಂಬ ದುಬಾರಿ ಸೂಜಿ ಕ್ರೋನ್ಸ್‌ಗೆಂದು ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆಯಿತು. 2001ರ ಹೊತ್ತಿಗೆ ಅದನ್ನು ತೆಗೆದುಕೊಂಡವರಲ್ಲಿ ಕ್ಷಯ ಎದ್ದ 70 ಪ್ರಕರಣಗಳ ವರದಿ ಬಂದಿತ್ತು. ಹಾಗಾಗಿ ಮೊದಲು ಕ್ಷಯ ಎಂದು ಅನುಮಾನಿಸುವ ವೈದ್ಯರನ್ನು ನಾನು ಬೈಯುವವನಲ್ಲ.

ಬೈಯಬೇಕಾದದ್ದು ‘ನೋಡು’ ಎಂಬ ಭಾಗ ಬಿಟ್ಟುಹೋದಾಗ. ಗುಳಿಗಿ ಶುರುವಾಗುತ್ತದೆ, ಆರು ತಿಂಗಳು ಮುಗಿಯುತ್ತದೆ, ನಡುವೆ ಯಾರೂ ಕರುಳನ್ನು ಮತ್ತೆ ನೋಡುವುದಿಲ್ಲ. ಗಡಿಯ ತಾಂಡಾದಿಂದ ಬಂದಿದ್ದ ಒಬ್ಬ ಹರೆಯದ ಹೆಣ್ಣುಮಗಳ ಅಣ್ಣ ಹೇಳಿದ ಮಾತು ನನಗೆ ಈಗಲೂ ಅವನ ದನಿಯಲ್ಲೇ ಕೇಳಿಸುತ್ತದೆ: “ಸಾಹೇಬ್ರ, ಆರು ತಿಂಗಳ ಗುಳಿಗಿ ನುಂಗ್ಯಾಳ್ರಿ. ಮೊದಲ ಹಗುರ ಆಗಿತ್ತು, ಆಮ್ಯಾಲ ಮತ್ತ ಅದೇ ಸುರು ಆತು. ಮತ್ತ ಆರು ತಿಂಗಳ ನುಂಗಂದ್ರು, ನುಂಗಿದಳು. ಈಗ ಅನ್ನ ಉಂಡ್ರ ಕಾರ್ಕೋತಾಳ್ರಿ.” ಹೊಟ್ಟೆಯ ಬಲಗಡೆ ಕೈಯಿಟ್ಟರೆ ಗಂಟು ಸಿಗುತ್ತಿತ್ತು. ಕ್ರೋನ್ಸ್, ಕರುಳು ಪೆನ್ಸಿಲಿನಷ್ಟು ಕಿರಿದಾಗಿತ್ತು. ಅಷ್ಟು ಹೊತ್ತಿಗೆ ಔಷಧಿಗೆ ಮಾಡಲು ಉಳಿದದ್ದು ಕಡಿಮೆ. ಶಸ್ತ್ರಚಿಕಿತ್ಸೆ ಆಯಿತು.

“ಮೊದಲ ಹಗುರ ಆಗಿತ್ತು” ಎಂಬ ಮಾತನ್ನು ಗಮನಿಸಿ. ಏಮ್ಸ್‌ನ ವಿನೀತ್ ಅಹುಜಾ, ಗೋವಿಂದ ಮಖಾರಿಯಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ವಿವರಣೆ ಇದೆ. ಕ್ಷಯದ ಔಷಧಿ ಕೊಟ್ಟಾಗ ಕ್ರೋನ್ಸ್ ಇದ್ದವರಲ್ಲೂ ಸಾಕಷ್ಟು ಮಂದಿ ‘ಹಗುರಾಗಿದೆ’ ಎನ್ನುತ್ತಾರೆ. ಆದರೆ ಒಳಗೆ ಹುಣ್ಣು ಮಾಯುವುದು ಕ್ಷಯದವರಲ್ಲಿ, ಕ್ರೋನ್ಸ್‌ನವರಲ್ಲಿ ಅದು ತೀರಾ ಕಡಿಮೆ. ಅಂದರೆ ರೋಗಿಯ ಬಾಯಿ ಮಾತು ಮಾತ್ರ ನಂಬಿದರೆ ಮೋಸ, ಕರುಳನ್ನೇ ಮತ್ತೊಮ್ಮೆ ಕೇಳಬೇಕು. ಅದೇ ತಂಡ ಮುಂದೆ ಇನ್ನೊಂದು ಕಹಿ ಸಂಗತಿ ತೋರಿಸಿತು: ಕ್ರೋನ್ಸ್ ಇದ್ದವರಿಗೆ ಪರೀಕ್ಷೆಗೆಂದು ಕ್ಷಯದ ಔಷಧಿ ಕೊಡುತ್ತ ಕಾಲ ಕಳೆದರೆ ಕರುಳು ಕಿರಿದಾಗುವ ಸಂಭವ ಹೆಚ್ಚು. ಆರು ತಿಂಗಳು ಎಂಬುದು ಬಿಟ್ಟಿ ಬರುವ ಕಾಲವಲ್ಲ.

ಇದೆಲ್ಲ ರೋಗಿ ದವಾಖಾನೆಗೆ ಬಂದಮೇಲಿನ ಕಥೆ. ಬಾರದವರ ಕಥೆ ಏನು? ಹಳ್ಳಿಯವರು ತಿಳಿವಳಿಕೆ ಇಲ್ಲದೆ ಬರುವುದಿಲ್ಲ ಎಂದು ಹೇಳುವುದು ಸುಲಭ. ಇದಕ್ಕೆ ನಮ್ಮ ಕರ್ನಾಟಕದಲ್ಲೇ ಹಳೆಯ ಉತ್ತರ ಒಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅದರ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಕ್ಷಯ ಇದ್ದವರನ್ನು ಮನೆಗೇ ಹೋಗಿ ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುಪಾಲು ಜನರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ದವಾಖಾನೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿನವರು ಕೆಮ್ಮಿನ ಔಷಧಿಯ ಬಾಟಲಿ ಕೈಗಿಟ್ಟು ಕಳಿಸಿದ್ದರು. ರೋಗಿ ಬಂದಿದ್ದ, ಕಾಣಬೇಕಾದವರಿಗೆ ಕಾಣಲಿಲ್ಲ. ಭಾರತದ ಕ್ಷಯ ಕಾರ್ಯಕ್ರಮದ ದಿಕ್ಕು ಬದಲಿಸಿದ ಅಧ್ಯಯನ ಅದು. ನನ್ನ ಲೆಕ್ಕದಲ್ಲಿ ಕನ್ನಡ ನೆಲದಲ್ಲಿ ನಡೆದ ಅತಿ ಮುಖ್ಯ ವೈದ್ಯಕೀಯ ಸಂಶೋಧನೆಗಳಲ್ಲಿ ಒಂದು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲು ಜಾಗವಾದರೂ ಸಿಗಬೇಕಿತ್ತು.

ಕರುಳಿನ ವಿಷಯದಲ್ಲಿ ಮನೆ ಮನೆ ಹತ್ತಿದವರು ಲೂಧಿಯಾನದ ಅಜಿತ್ ಸೂದ್ ಮತ್ತು ಸಂಗಡಿಗರು. ಪಂಜಾಬಿನಲ್ಲಿ 51,910 ಜನರನ್ನು ವಿಚಾರಿಸಿ, ಅನುಮಾನ ಬಂದವರನ್ನು ಪರೀಕ್ಷಿಸಿ, 23 ಜನರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಪತ್ತೆಮಾಡಿದರು. ಲಕ್ಷಕ್ಕೆ 44.3. ವರ್ಷ ಬಿಟ್ಟು ಮತ್ತೆ ಹೋದಾಗ ಹೊಸದಾಗಿ ಮೂವರು ಸಿಕ್ಕರು. 2003ರಲ್ಲಿ ಇದು ಪ್ರಕಟವಾದಾಗ ‘ಬಿಳಿಯರ ರೋಗ’ ಎಂಬ ಮಾತಿನ ಗಂಟಲು ಕಟ್ಟಿತು. ಪಂಜಾಬಿನ ಲೆಕ್ಕ ಪಂಜಾಬಿಗೆ, ಅದನ್ನು ತಂದು ಇಲ್ಲಿ ಅಂಟಿಸುವುದು ತಪ್ಪು. ಆದರೂ ಅಂದಾಜಿಗೆಂದು, ಎರಡು ಲಕ್ಷ ಜನರ ತಾಲೂಕೊಂದಕ್ಕೆ ಅದೇ ಪ್ರಮಾಣ ಹಚ್ಚಿ ನೋಡಿದರೆ 89 ಮಂದಿ ಆಗುತ್ತಾರೆ. ನಿಮ್ಮ ತಾಲೂಕಿನಲ್ಲಿ ಈ ರೋಗದ ಹೆಸರು ಹೇಳಿಸಿಕೊಂಡವರು ಎಷ್ಟು ಜನ ಗೊತ್ತು? ನೀವೇ ಎಣಿಸಿ.

ಇಂಗ್ಲೆಂಡಿನಿಂದ ಬಂದ ಸಾಕ್ಷಿ ಇನ್ನೂ ಚುರುಕು. ಲೆಸ್ಟರ್ ಪಟ್ಟಣಕ್ಕೆ ವಲಸೆ ಹೋದ ನಮ್ಮ ಉಪಖಂಡದವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತ ಹೆಚ್ಚು ಎಂದು 1992ರಲ್ಲಿ ಪ್ರಾಬರ್ಟ್ ಮತ್ತು ಸಂಗಡಿಗರು ತೋರಿಸಿದರು. ಅಂದರೆ ನಮ್ಮ ಮೈಯಲ್ಲಿ ಇದನ್ನು ತಡೆಯುವ ವಿಶೇಷ ವರವೇನೂ ಇಲ್ಲ.

ಇನ್ನು ನಮ್ಮ ಪಕ್ಕದ ಮನೆಯ ಸುದ್ದಿಗೆ ಬರುತ್ತೇನೆ. ಕುಂಚಾವರಂನಿಂದ ಗಡಿ ದಾಟಿ ಜಹೀರಾಬಾದ್ ಮುಟ್ಟಿದರೆ ಹೈದರಾಬಾದಿನ ಹೆದ್ದಾರಿ. ನಿಮ್ಮಲ್ಲಿ ಎಷ್ಟೋ ಜನರಿಗೆ ಬೆಂಗಳೂರು ಟಿವಿಯಲ್ಲಿ ಕಾಣುವ ಊರು, ದೊಡ್ಡ ದವಾಖಾನೆ ಎಂದರೆ ಹೈದರಾಬಾದೇ. ಅಲ್ಲಿನ ಗಚ್ಚಿಬೌಲಿಯ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ರೂಪಾ ಬ್ಯಾನರ್ಜಿ, ಡಿ. ನಾಗೇಶ್ವರ ರೆಡ್ಡಿ ಮತ್ತು ಸಂಗಡಿಗರು 2023ರಲ್ಲಿ ಲ್ಯಾನ್ಸೆಟ್ ಬಳಗದ ಆಗ್ನೇಯ ಏಷ್ಯಾ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಹೊಟ್ಟೆಯ ತೊಂದರೆ ಇದ್ದ 30,000ಕ್ಕೂ ಹೆಚ್ಚು ಜನರನ್ನು, ಪಟ್ಟಣದವರನ್ನೂ ಹಳ್ಳಿಯವರನ್ನೂ, ಕೊಲೊನೋಸ್ಕೋಪಿ ಮಾಡಿ ನೋಡಿದರು. ನೂರಕ್ಕೆ ಸುಮಾರು ಐದು ಜನರಲ್ಲಿ ಕರುಳಿನ ಈ ಉರಿಯೂತ ಸಿಕ್ಕಿತು. ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ನೂರಕ್ಕೆ ಐದು ಎಂದು ಕೇಳಿ ಗಾಬರಿಯಾಗಬಾರದು. ಅದು ಊರಿನ ನೂರು ಜನರಲ್ಲಿ ಐದು ಅಲ್ಲ, ಹೊಟ್ಟೆ ಕೆಟ್ಟು ಪರೀಕ್ಷೆಗೆ ಬಂದ ನೂರರಲ್ಲಿ ಐದು. ಆದರೂ ಹಳ್ಳಿ ಮತ್ತು ಪಟ್ಟಣ ಸರಿಸಮ ಎಂಬ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿತು. ಫ್ರಿಜ್ಜಿನ ಊಟ, ಪಿಜ್ಜಾ, ಐಟಿ ಕೆಲಸ ಎಂದೆಲ್ಲ ನಾವು ಪಟ್ಟಣಕ್ಕೆ ಬರೆದುಕೊಟ್ಟಿದ್ದ ರೋಗ ಹಳ್ಳಿಯಲ್ಲೂ ಇದೆ. ಅಥವಾ ಮೊದಲಿಂದಲೂ ಇತ್ತು, ದುರ್ಬೀನು ಈಗ ಬಂತು. ಇವೆರಡರಲ್ಲಿ ಯಾವುದು ಎಷ್ಟು ನಿಜ ಎಂದು ಈ ಒಂದು ಅಧ್ಯಯನ ಹೇಳಲಾರದು. ನನ್ನ ಒಲವು ಎರಡರ ಕಡೆಗೂ ಇದೆ: ರೋಗ ಹೆಚ್ಚುತ್ತಲೂ ಇದೆ, ಕಾಣುತ್ತಲೂ ಇದೆ. ತಾಂಡಾದ ಅಂಗಡಿಯಲ್ಲಿ ನೇತುಹಾಕಿರುವ ಕುರುಕಲು ಪ್ಯಾಕೆಟ್ಟುಗಳ ಸಾಲು ನೋಡಿದರೆ ಹಳ್ಳಿಯ ಊಟ ಎಂಬುದೇ ಹಿಂದಿನಂತೆ ಉಳಿದಿಲ್ಲ ಎಂದು ಗೊತ್ತಾಗುತ್ತದೆ.

ಇಲ್ಲಿ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಹೊಟ್ಟೆಯಲ್ಲಿ ಜಂತು ಇರುವ ಊರುಗಳಲ್ಲಿ ಈ ರೋಗ ಕಡಿಮೆ ಎಂಬ ಊಹೆಯ ಮೇಲೆ ಅಮೆರಿಕದ ಅಯೋವಾದಲ್ಲಿ ಜೋಯಲ್ ವೈನ್‌ಸ್ಟಾಕ್ ಮತ್ತು ಸಂಗಡಿಗರು ರೋಗಿಗಳಿಗೆ ಹಂದಿಯ ಚಾಟಿಹುಳದ ತತ್ತಿ ಕುಡಿಸಿ 2005ರಲ್ಲಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಆದ್ದರಿಂದ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತಿನ ಗುಳಿಗಿಯನ್ನು ಯಾರೂ ನಿಲ್ಲಿಸಬೇಡಿ.

ತಮಾಷೆಯಲ್ಲದ ಇನ್ನೊಂದು ಪ್ರಯೋಗ ಏಮ್ಸ್‌ನಲ್ಲಿ ಸೌರಭ್ ಕೇಡಿಯಾ ಮತ್ತು ಸಂಗಡಿಗರು ನಡೆಸಿ 2022ರಲ್ಲಿ ‘ಗಟ್’ನಲ್ಲಿ ಪ್ರಕಟಿಸಿದ್ದು. ಸೌಮ್ಯದಿಂದ ಮಧ್ಯಮ ತೀವ್ರತೆಯ ಅಲ್ಸರೇಟಿವ್ ಕೊಲೈಟಿಸ್ ಇದ್ದ 66 ಜನ. ಒಂದು ಗುಂಪಿಗೆ ವಾಡಿಕೆಯ ಔಷಧಿ. ಇನ್ನೊಂದು ಗುಂಪಿಗೆ ಅದರ ಜತೆ ಆರೋಗ್ಯವಂತರ ಮಲವನ್ನು ಸೋಸಿ ತಯಾರಿಸಿದ ದ್ರಾವಣವನ್ನು ವಾರಕ್ಕೊಮ್ಮೆಯಂತೆ ಏಳು ಸಲ ಕೊಲೊನೋಸ್ಕೋಪಿನಿಂದ ಕರುಳಿಗೆ ಬಿಟ್ಟರು, ಪಥ್ಯದ ಊಟವನ್ನೂ ಕೊಟ್ಟರು. ಮೂಗು ಮುಚ್ಚಿಕೊಳ್ಳಬೇಡಿ, ಎಂಟು ವಾರಕ್ಕೆ ಮೊದಲ ಗುಂಪಿನಲ್ಲಿ ನೂರಕ್ಕೆ 32 ಜನರ ರೋಗ ತಣ್ಣಗಾದರೆ ಎರಡನೆಯದರಲ್ಲಿ 60 ಜನರದು. ಮಲ ಕೊಟ್ಟ ದಾನಿಗಳು ಯಾರು? ಹಳ್ಳಿಯವರು. ಹಳ್ಳಿಗರ ಕರುಳಿನ ಬ್ಯಾಕ್ಟೀರಿಯಾ ಸಂಪತ್ತು ದೆಹಲಿಯಲ್ಲಿ ಔಷಧಿಯಾಯಿತು, ಅದೇ ಹಳ್ಳಿಗರ ಕರುಳಿನ ರೋಗಕ್ಕೆ ಇಷ್ಟು ದಿನ ಹೆಸರೂ ಇರಲಿಲ್ಲ.

ಆ ಪಥ್ಯದಲ್ಲಿ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಕೆಂಪು ಮಾಂಸ, ಸಕ್ಕರೆ, ಪ್ಯಾಕೆಟ್ ತಿನಿಸುಗಳನ್ನು ಕಡಿಮೆ ಮಾಡಿ ಹಣ್ಣು, ಕಾಯಿಪಲ್ಯ, ಹುದುಗಿಸಿದ ಪದಾರ್ಥಗಳಿಗೆ ಜಾಗ ಕೊಟ್ಟಿದ್ದರು. ನಮ್ಮ ಜೋಳದಲ್ಲಿ ಗ್ಲುಟೆನ್ ಇಲ್ಲ. ಇಷ್ಟು ಹೇಳಿದ್ದೇ ತಡ, ಜೋಳದ ರೊಟ್ಟಿ ತಿಂದರೆ ರೋಗ ವಾಸಿ ಎಂದು ನಾಳೆ ವಾಟ್ಸಾಪಿನಲ್ಲಿ ಹರಿದಾಡಿಬಿಟ್ಟೀತು. ನಾನು ಹಾಗೆ ಹೇಳಲಿಲ್ಲ. ಕರುಳು ಕಿರಿದಾದವರಿಗೆ ನಾರು ಹೆಚ್ಚಿರುವ ಊಟವೇ ಕಷ್ಟವಾಗಬಹುದು. ಪಥ್ಯವನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

ಹಳ್ಳಿಯ ರೋಗ ಕಾಣದಿರಲು ಇನ್ನೊಂದು ಕಾರಣವಿದೆ. ಯಾವ ಅಧ್ಯಯನದಲ್ಲೂ ನಾನು ಅದನ್ನು ಓದಿಲ್ಲ, ಈ ಭಾಗದ ಹೆಣ್ಣುಮಕ್ಕಳ ಜತೆ ಮಾತಾಡಿ ತಿಳಿದದ್ದು. ಬೆಳಕು ಹರಿಯುವ ಮುಂಚೆ ಬಯಲಿಗೆ ಹೋಗುವವರಿಗೆ ಮಲದಲ್ಲಿ ರಕ್ತ ಕಾಣುವುದಾದರೂ ಹೇಗೆ? ಕತ್ತಲು, ಮಣ್ಣು, ಹಿಂದೆ ಬಂದವರ ಅವಸರ. “ಸಂಡಾಸಿನಾಗ ರಕ್ತ ಹೊಂಟದೇನವ್ವಾ?” ಎಂದು ಕೇಳಿದರೆ “ಇಲ್ರಿ” ಎನ್ನುತ್ತಾರೆ. ಅದು ಸುಳ್ಳಲ್ಲ. ಕಂಡರೂ ಮೂಲವ್ಯಾಧಿ ಎಂದುಕೊಂಡು ಸುಮ್ಮನಾಗುತ್ತಾರೆ, ಮುಟ್ಟಿನ ರಕ್ತವಿರಬೇಕು ಎಂದುಕೊಳ್ಳುವವರೂ ಉಂಟು. ದಿನಕ್ಕೆ ಎಂಟು ಸಲ ಹೋಗಬೇಕಾದ ಮಗಳು ಹಗಲೆಲ್ಲ ತಡೆದುಕೊಳ್ಳಲು ಉಣ್ಣುವುದನ್ನೇ ಬಿಡುತ್ತಾಳೆ, ಮೈ ಬಡವಾದರೆ ಮತ್ತೆ ಕ್ಷಯದ ಅನುಮಾನ. ಮನೆಗೊಂದು ಶೌಚಾಲಯ ಎಂಬುದನ್ನು ನಾವು ಸ್ವಚ್ಛತೆಯ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ರೋಗ ಪತ್ತೆಗೂ ಬೇಕಾದದ್ದು ಅದೇ, ಒಳಗೊಂದು ಬಲ್ಬಿನ ಸಮೇತ.

ಆಶಾ ಕಾರ್ಯಕರ್ತೆಯರಿಗೆ ನನ್ನದೊಂದು ಬಿನ್ನಹ. ‘ರಕ್ತ ಹೊಂಟದೇನು’ ಎಂದು ಕೇಳಿ ಬಿಡಬೇಡಿ. ‘ರಾತ್ರಿ ನಿದ್ದೆಯಿಂದ ಎದ್ದು ಸಂಡಾಸಿಗೆ ಹೋಗ್ತಿಯೇನವ್ವಾ’ ಎಂದು ಕೇಳಿ. ಮನಸ್ಸಿನ ಕಳವಳಕ್ಕೆ ಕೆಡುವ ಹೊಟ್ಟೆ ಸಾಮಾನ್ಯವಾಗಿ ರಾತ್ರಿ ಮಲಗಿರುತ್ತದೆ. ಉರಿಯೂತದ ಕರುಳು ಮಲಗುವುದಿಲ್ಲ, ರೋಗಿಯನ್ನೂ ಮಲಗಗೊಡುವುದಿಲ್ಲ. ನಾಲ್ಕು ವಾರ ದಾಟಿದ ಭೇದಿ, ರಾತ್ರಿ ಏಳುವುದು, ತೂಕ ಇಳಿದದ್ದು, ಗುದದ ಪಕ್ಕ ಮತ್ತೆ ಮತ್ತೆ ಕೀವು ಕಟ್ಟುವ ಹುಣ್ಣು: ಇವುಗಳಲ್ಲಿ ಎರಡು ಕೂಡಿದರೂ ಮುಂದಕ್ಕೆ ಕಳಿಸಿ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಇದೆ. ಕೊಳವೆ ಹಾಕುವ ಮುಂಚೆಯೇ ಕರುಳಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬ ಸುಳಿವು ಅದು ಕೊಡುತ್ತದೆ, ಯಾವ ಕಾರಣದ ಉರಿಯೂತ ಎಂದು ಮಾತ್ರ ಹೇಳಲಾರದು. ಸ್ಯಾಂಪಲ್ಲು ಡಬ್ಬಿಯಲ್ಲಿ ಪ್ರಯಾಣ ಮಾಡಬಲ್ಲದು, ರೋಗಿ ಊರಲ್ಲೇ ಇರಬಹುದು.

ವೈದ್ಯ ಮಿತ್ರರಿಗೆ ಹೇಳುವುದು ಇನ್ನೂ ಚಿಕ್ಕದು. ಕರುಳಿನ ಕ್ಷಯ ಎಂದು ಗುಳಿಗಿ ಶುರುಮಾಡುವ ದಿನವೇ, ಅದೇ ಚೀಟಿಯಲ್ಲಿ, ಮತ್ತೆ ಕರುಳು ನೋಡುವ ತಾರೀಖನ್ನೂ ಬರೆಯಿರಿ. ಕ್ಷಯದ ಗುಳಿಗಿ ಸರಕಾರ ಪುಕ್ಕಟೆ ಕೊಡುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳ ಹಣವನ್ನೂ ಖಾತೆಗೆ ಹಾಕುತ್ತದೆ. ಎರಡನೇ ಕೊಲೊನೋಸ್ಕೋಪಿಗೆ ಕಲಬುರಗಿಗೋ ಹೈದರಾಬಾದಿಗೋ ಹೋಗಿಬರುವ ಖರ್ಚು, ಜತೆಗೆ ಹೋದವರ ಎರಡು ದಿನದ ಕೂಲಿ, ಇದನ್ನು ಯಾರು ಕೊಡಬೇಕು? ಪಂಚಾಯಿತಿಯವರು, ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯವರು ಇಬ್ಬರೂ ಈ ಸಭೆಯಲ್ಲಿದ್ದಾರೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಮೊದಲ ಪ್ರಶ್ನೆ ನಾನೇ ಅವರಿಗೆ ಕೇಳಿದ್ದೇನೆ ಎಂದು ತಿಳಿಯಿರಿ. ಎರಡನೆಯದು ನಿಮ್ಮದು.